ಅವರು ಗಡಿಯಲ್ಲಿದ್ದಾಗ ಮಲೆನಾಡಿನ ಮನೆ ನಡೆಸುವುದು ಹೇಗೆ

2025ರ ಏಪ್ರಿಲ್ 22ರಂದು ಪಹಲ್ಗಾಮ್‌ನಲ್ಲಿ ಪ್ರಾಣ ಕಳೆದುಕೊಂಡ 26 ಜನರಲ್ಲಿ ಶಿವಮೊಗ್ಗದವರೊಬ್ಬರು ಇದ್ದರು. ಮೇ 7ರ ಬೆಳಗಿನ ಜಾವ ಆಪರೇಷನ್ ಸಿಂಧೂರ ಶುರುವಾಯಿತು. ರಜೆಗೆ ಊರಿಗೆ ಬಂದಿದ್ದ ಸೈನಿಕರಿಗೆ ಕೂಡಲೇ ಹೊರಡಿ ಎಂದು ಕರೆ ಬಂತು. ನಮ್ಮ ಕಡೆ ಅದು ಎಂಥ ಹೊತ್ತು ಅಂತ ಮಲೆನಾಡಿನವರಿಗೆ ಬಿಡಿಸಿ ಹೇಳಬೇಕಿಲ್ಲ. ಸೌದೆ ಇನ್ನೂ ಕೊಟ್ಟಿಗೆ ಸೇರಿರುವುದಿಲ್ಲ. ಹಲಸಿನ ಹಪ್ಪಳ ಚಾಪೆ ಮೇಲೇ ಇರುತ್ತದೆ. ತೋಟಕ್ಕೆ ಔಷಧಿ ಹೊಡೆಯಲು ಆಳು ಗೊತ್ತಾಗಿರುವುದಿಲ್ಲ. 1999ರಲ್ಲೂ ಹೀಗೇ ಆಗಿತ್ತು. ಕಾರ್ಗಿಲ್ ಯುದ್ಧ ಮೇ ತಿಂಗಳಲ್ಲಿ ಶುರುವಾಗಿ ಜುಲೈ 26ಕ್ಕೆ ಮುಗಿಯಿತು. ಅಂದರೆ ಮೃಗಶಿರ, ಆರಿದ್ರಾ, ಪುನರ್ವಸು ದಾಟಿ ಪುಷ್ಯ ಮಳೆಯವರೆಗೆ.

ಗಡಿಯಿಂದ ದೂರದ ಪೀಸ್ ಸ್ಟೇಷನ್‌ನಲ್ಲಿದ್ದಾಗ ಕ್ವಾರ್ಟರ್ಸ್‌ನಲ್ಲಿ ಒಟ್ಟಿಗಿರಬಹುದು. ಗಡಿಯಂಥ ಫೀಲ್ಡ್ ಏರಿಯಾಕ್ಕೆ ಹಾಕಿದರೆ ಮನೆಯವರು ಜೊತೆಗೆ ಹೋಗುವಂತಿಲ್ಲ. ಆಗ ಹೆಂಡತಿ, ಮಕ್ಕಳು ಊರಿಗೆ ಬರುತ್ತಾರೆ. ನಾನೂ ಹಾಗೆ ಬಂದವಳು, ತೀರ್ಥಹಳ್ಳಿ ಕಡೆಯ ಅಡಿಕೆ ತೋಟದ ಮನೆಗೆ. ಇಲ್ಲಿ ಬರೆದಿರುವುದೆಲ್ಲ ಒಂದೇ ಮಾತಿಗೆ ಸೇರುತ್ತದೆ: ಮನೆಯ ಯಾವ ಕೆಲಸವೂ ಅವರ ಫೋನಿಗೆ ಕಾದು ನಿಲ್ಲಬಾರದು. ಫೋನು ಬಂದರೆ ಅದು ಮಾತಾಡಲಿಕ್ಕೆ ಇರಲಿ. ಸಹಿ, ದುಡ್ಡು, ತೀರ್ಮಾನ ಇವೆಲ್ಲ ಊರಲ್ಲೇ ಆಗುವ ಹಾಗೆ ಮೊದಲೇ ಮಾಡಿಟ್ಟುಕೊಳ್ಳಿ.

'ಅವರು' ಎಂದರೆ ಸೈನ್ಯದಲ್ಲಿರುವ ಗಂಡ ಅಂತಲೇ ಬರೆಯುತ್ತಾ ಹೋಗಿದ್ದೇನೆ. ನಿಮ್ಮ ಮನೆಯಲ್ಲಿ ಮಗನೋ ಮಗಳೋ ಹೆಂಡತಿಯೋ ಸೈನ್ಯದಲ್ಲಿದ್ದರೂ ವಿಷಯ ಅದೇ.

1. ಹೆಸರು ಸರಿ ಇದೆಯಾ ನೋಡಿ

ಎಲ್ಲಕ್ಕಿಂತ ಮೊದಲು ಇದು. ನಮ್ಮಲ್ಲಿ ಒಬ್ಬಳೇ ಹೆಂಗಸಿಗೆ ನಾಲ್ಕು ಕಾಗದದಲ್ಲಿ ನಾಲ್ಕು ಹೆಸರಿರುತ್ತದೆ. ಶಾಲೆಯ ಮಾರ್ಕ್ಸ್ ಕಾರ್ಡಿನಲ್ಲಿ ಊರಿನ ಮತ್ತು ಅಪ್ಪನ ಇನಿಷಿಯಲ್. ಆಧಾರ್‌ನಲ್ಲಿ ಬರೀ ಹೆಸರು. ಬ್ಯಾಂಕಿನಲ್ಲಿ ಗಂಡನ ಹೆಸರು ಸೇರಿದೆ. ಸೈನ್ಯದ ದಾಖಲೆಯಲ್ಲಿ ಯಾವತ್ತೋ ಯಾರೋ ಕೇಳಿಸಿಕೊಂಡು ಬರೆದ ಸ್ಪೆಲ್ಲಿಂಗ್. ಶ್ವೇತಾ ಎಂಬ ಹೆಸರನ್ನು ಇಂಗ್ಲಿಷಿನಲ್ಲಿ ಎರಡು ಮೂರು ಥರ ಬರೆಯಬಹುದು. ಆ ಒಂದು ಅಕ್ಷರಕ್ಕೆ ತಿಂಗಳುಗಟ್ಟಲೆ ಫೈಲು ನಿಲ್ಲುತ್ತದೆ.

ಅವರು ಮನೆಯಲ್ಲಿರುವಾಗಲೇ ಒಂದು ಸಂಜೆ ಎಲ್ಲ ಕಾಗದ ಹರಡಿಕೊಂಡು ಕೂತು ಹೋಲಿಸಿ. ಸೈನ್ಯದ ದಾಖಲೆಯಲ್ಲಿ ಹೆಸರು ಹೇಗಿದೆಯೋ ಅದಕ್ಕೆ ಆಧಾರ್, ಪ್ಯಾನ್, ಬ್ಯಾಂಕು ಹೊಂದಿಸಿ. ದಾಖಲೆಯಲ್ಲೇ ತಪ್ಪಿದ್ದರೆ ಅವರು ಯೂನಿಟ್ ಆಫೀಸಿನಲ್ಲಿ ಅರ್ಜಿ ಕೊಡಬೇಕು. ಮದುವೆ, ಮಗು ಹುಟ್ಟಿದ್ದು ಎರಡೂ ಸೈನ್ಯದ ದಾಖಲೆಗೆ ಸೇರಿಸುವ ಪಾರ್ಟ್ 2 ಆರ್ಡರ್‌ನಲ್ಲಿ ಬಂದಿದೆಯಾ ಅಂತ ಖಚಿತ ಮಾಡಿಕೊಳ್ಳಿ. ಅದು ಬರದಿದ್ದರೆ ಸೈನ್ಯದ ಲೆಕ್ಕದಲ್ಲಿ ಆ ಹೆಂಡತಿಯೂ ಇಲ್ಲ, ಆ ಮಗುವೂ ಇಲ್ಲ. ಆರ್ಮಿ ಗ್ರೂಪ್ ಇನ್ಶೂರೆನ್ಸ್, ಪ್ರಾವಿಡೆಂಟ್ ಫಂಡ್, ಸಂಬಳದ ಖಾತೆ ಮೂರಕ್ಕೂ ನಾಮಿನಿ ಯಾರು ಎಂದು ಕೇಳಿ. ಮದುವೆಗೆ ಮುಂಚೆ ಅಮ್ಮನ ಹೆಸರು ಕೊಟ್ಟು ಆಮೇಲೆ ಮರೆತವರು ಎಷ್ಟೋ ಜನ. ಬದಲಾಯಿಸುವುದಾದರೆ ಅಮ್ಮನಿಗೂ ಗೊತ್ತಿರುವ ಹಾಗೆ ಬದಲಾಯಿಸಲಿ. ಪಾಲು ಹಂಚಿಯೂ ಬರೆಯಬಹುದು.

ಜಮೀನಿಗೆ ನಾಮಿನಿ ಎಂಬುದಿಲ್ಲ. ಅದಕ್ಕೆ ಉಯಿಲು ಬೇಕು. ಇಬ್ಬರು ಸಾಕ್ಷಿಗಳ ಸಹಿ ಇದ್ದರೆ ಸಾಕು, ನೋಂದಣಿ ಕಡ್ಡಾಯ ಅಲ್ಲ. ಉಯಿಲು ಎಂದರೆ ಅಪಶಕುನ ಅಂತ ಹಿರಿಯರು ಬೇಜಾರು ಮಾಡಿಕೊಳ್ಳುತ್ತಾರೆ. ಆದರೂ ಬರೆಸಿ.

ಕಾಗದ ಇಡುವ ಜಾಗವೂ ಮುಖ್ಯ. ಆಷಾಢದಲ್ಲಿ ನಮ್ಮ ಮನೆಗಳಲ್ಲಿ ಬೀರುವಿನೊಳಗಿನ ರೇಷ್ಮೆ ಸೀರೆಗೇ ಬೂಷ್ಟು ಹಿಡಿಯುತ್ತದೆ, ಕಾಗದ ಎಲ್ಲಿ ಉಳಿಯಬೇಕು? ಗಾಳಿ ಹೋಗದ ಜಿಪ್ ಕವರಿಗೆ ಹಾಕಿ, ಹೊಸ ಚಪ್ಪಲಿ ಡಬ್ಬದಲ್ಲಿ ಬರುವ ಸಿಲಿಕಾ ಪೊಟ್ಟಣ ಎರಡು ಸೇರಿಸಿ, ಸ್ಟೀಲ್ ಟ್ರಂಕಿನಲ್ಲಿಡಿ. ಅಡುಗೆಮನೆ ಮೇಲಿನ ಅಟ್ಟ ಇದ್ದರೆ ಅದೇ ಒಣ ಜಾಗ. ಮೇಲುಗಡೆ ಒಂದು ಹಾಳೆಯಲ್ಲಿ ಅವರ ಸರ್ವೀಸ್ ನಂಬರ್, ರ‍್ಯಾಂಕ್, ಯೂನಿಟ್ ಹೆಸರು, ಅವರ ಸೇವಾ ದಾಖಲೆ ಇಡುವ ರೆಕಾರ್ಡ್ ಆಫೀಸಿನ ವಿಳಾಸ ಕೈಯಲ್ಲೇ ಬರೆದಿಡಿ. ಎಲ್ಲದರ ಫೋಟೋ ನಿಮ್ಮ ಫೋನಿನಲ್ಲೂ ಇರಲಿ, ಆದರೆ ಯಾವ ಗ್ರೂಪಿಗೂ ಹಾಕಬೇಡಿ.

2. ಯೂನಿಟ್‌ಗೆ ಎರಡು ನಂಬರ್ ಕೊಡಿಸಿ

ಏನೇ ಸುದ್ದಿ ಇದ್ದರೂ ಯೂನಿಟ್ ಮೊದಲು ಫೋನ್ ಮಾಡುವುದು ದಾಖಲೆಯಲ್ಲಿರುವ ಹತ್ತಿರದ ಸಂಬಂಧಿಯ ನಂಬರಿಗೆ. ಆ ಸಿಮ್ ಗುಡ್ಡ ಹತ್ತಿದರೆ ಮಾತ್ರ ಹಿಡಿಯುವುದಾದರೆ? ಹಾಗಾಗಿ ಎರಡನೇ ನಂಬರ್ ಬೇಕೇ ಬೇಕು. ಸಾಗರದಲ್ಲೋ ಶಿವಮೊಗ್ಗ ಪೇಟೆಯಲ್ಲೋ ಇರುವ, ಗಟ್ಟಿ ಮನಸ್ಸಿನ ನೆಂಟರೊಬ್ಬರದು ಕೊಡಿಸಿ. ಫೋನ್ ಬಂದರೆ ಅವರೇ ಗಾಡಿ ಹತ್ತಿ ನಿಮ್ಮ ಮನೆಗೆ ಬರಬೇಕು, ಬೇರೆ ಯಾರಿಗೂ ಹೇಳಬಾರದು. ಈ ಮಾತನ್ನು ಮೊದಲೇ ಆಡಿಟ್ಟುಕೊಳ್ಳಿ.

ನಿಮ್ಮ ಹತ್ತಿರವೂ ನಂಬರ್ ಇರಬೇಕು: ರಿಯರ್ ಪಾರ್ಟಿಯದು (ಯೂನಿಟ್ ಮುಂದೆ ಹೋದಾಗ ಹಿಂದೆ ಉಳಿಯುವ ತಂಡ), ಅವರ ಜೊತೆಗಾರ ಒಬ್ಬರ ಮನೆಯದು, ಶಿವಮೊಗ್ಗದ ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಕಚೇರಿಯದು. ಆ ಕಚೇರಿ ನಿವೃತ್ತರಿಗೆ ಮಾತ್ರ ಅಂತ ಬಹಳ ಜನ ತಿಳಿದಿದ್ದಾರೆ. ಸೇವೆಯಲ್ಲಿರುವವರ ಮನೆಯವರೂ ಹೋಗಬಹುದು. ಒಂದು ಸಲ ಸುಮ್ನೆ ಹೋಗಿ ಮುಖ ಪರಿಚಯ ಮಾಡಿಕೊಂಡು ಬನ್ನಿ.

3. ದುಡ್ಡಿನ ಮಾತು ಎಲ್ಲರೆದುರು ಆಗಲಿ

ಎಟಿಎಂ ಕಾರ್ಡು ಹೆಂಡತಿ ಹತ್ತಿರ ಇರಬೇಕೋ ಅಪ್ಪನ ಹತ್ತಿರವೋ? ಈ ಪ್ರಶ್ನೆಗೆ ಎಷ್ಟೋ ಮನೆಗಳಲ್ಲಿ ಉತ್ತರ ಇರುವುದಿಲ್ಲ. ಅವರು ಹೋದ ಮೇಲೆ ಅದೇ ಕಿಚ್ಚಾಗುತ್ತದೆ. ಹೊರಡುವ ಮುಂಚೆ ಅಪ್ಪ, ಅಮ್ಮ, ಹೆಂಡತಿ ಎಲ್ಲರನ್ನೂ ಕೂರಿಸಿಕೊಂಡು ಅವರ ಬಾಯಲ್ಲೇ ಹೇಳಿಸಿ. ನನ್ನ ಪ್ರಕಾರ ಹೆಂಡತಿಯ ಖಾತೆಗೂ ಅಪ್ಪ ಅಮ್ಮನ ಖಾತೆಗೂ ಪ್ರತಿ ತಿಂಗಳು ತಾನಾಗಿ ದುಡ್ಡು ಹೋಗುವ ಹಾಗೆ ಬ್ಯಾಂಕಿನಲ್ಲಿ ಮಾಡಿಸುವುದೇ ಒಳ್ಳೆಯದು. ಆಗ ಯಾರೂ ಯಾರ ಮುಂದೂ ಕೈಚಾಚಬೇಕಾಗಿಲ್ಲ. ಸಂಬಳ ಬರುವುದು ಡಿಫೆನ್ಸ್ ಸ್ಯಾಲರಿ ಪ್ಯಾಕೇಜ್ ಖಾತೆಗೋ ಎಂದು ಕೇಳಿ. ಅದರ ಜೊತೆ ಅಪಘಾತ ವಿಮೆ ಇರುತ್ತದೆ, ಮನೆಯವರಿಗೆ ಗೊತ್ತೇ ಇರುವುದಿಲ್ಲ.

ಸೊಸೈಟಿ ಸಾಲ ಅವರ ಹೆಸರಿನಲ್ಲಿದ್ದರೆ ಗಡುವು ಬರೆದಿಡಿ. ಗಡುವಿನೊಳಗೆ ಕಟ್ಟಿದರೆ ಮಾತ್ರ ಬಡ್ಡಿ ಇಲ್ಲ. ನವೀಕರಣಕ್ಕೆ ಅವರ ಸಹಿ ಬೇಕಾದರೆ ಏನು ದಾರಿ ಅಂತ ಕಾರ್ಯದರ್ಶಿಯನ್ನು ಈಗಲೇ ಕೇಳಿ. ಬೆಳೆ ವಿಮೆ ಕಂತು ಕಟ್ಟುವುದು ಮಳೆಗಾಲದ ಶುರುವಿನಲ್ಲೇ ಬರುತ್ತದೆ. ಅಡಿಕೆ ಮಾರಾಟದ ಸಹಕಾರ ಸಂಘ ಮ್ಯಾಮ್ಕೋಸ್‌ನ ಸದಸ್ಯತ್ವ ಅವರದ್ದಾದರೆ ಅಡಿಕೆ ಹಾಕಲು, ದುಡ್ಡು ಪಡೆಯಲು ನಿಮಗೆ ಅಧಿಕಾರ ಪತ್ರ ಬೇಕಾ ಎಂದೂ ವಿಚಾರಿಸಿ.

4. ತೋಟ ಮತ್ತು ಜಮೀನು

ಕೊಳೆ ರೋಗ ಯುದ್ಧ ನೋಡಿ ಬರುವುದಿಲ್ಲ. ಮಳೆ ಹಿಡಿಯುವ ಮುಂಚೆ ಒಂದು ಸಲ, 40–45 ದಿನ ಬಿಟ್ಟು ಇನ್ನೊಂದು ಸಲ ಬೋರ್ಡೋ ಔಷಧಿ ಬೀಳಲೇಬೇಕು. ಶೇಕಡಾ 1ರ ದ್ರಾವಣಕ್ಕೆ 100 ಲೀಟರ್ ನೀರಿಗೆ 1 ಕೆಜಿ ಮೈಲುತುತ್ತ, 1 ಕೆಜಿ ಸುಣ್ಣ. ಬೆರೆಸುವುದು ಮನೆಯವರಿಗೆ ಗೊತ್ತಿರುತ್ತದೆ. ಕಷ್ಟ ಮರ ಹತ್ತುವವರದ್ದು. ಕೊನೆಗೌಡರು ಎಲ್ಲರಿಗೂ ಒಂದೇ ವಾರ ಬೇಕು. ಎರಡೂ ಸಲದ ಔಷಧಿಗೆ, ಕೊಯ್ಲಿಗೆ ಸೇರಿಸಿ ಮುಂಗಡ ಕೊಟ್ಟು ಮಾತು ಮುಗಿಸಿ. ಮನೆಯಲ್ಲಿ ಗಂಡಸಿಲ್ಲ, ಸೈನಿಕನ ತೋಟ ಎಂದರೆ ಊರವರು ಕೈಬಿಡುವುದು ಕಡಿಮೆ. ಆದರೆ ಬಾಯಿಬಿಟ್ಟು ಕೇಳಬೇಕು.

ಅದೂ ಆಗುವುದಿಲ್ಲ ಎಂದರೆ ಆ ವರ್ಷ ಫಸಲು ಚೇಣಿಗೆ, ಅಂದರೆ ಗುತ್ತಿಗೆಗೆ ಕೊಡಿ. ಸ್ವಲ್ಪ ದುಡ್ಡು ಕಡಿಮೆ ಬರಬಹುದು. ಒಬ್ಬಳೇ ಹೆಂಗಸು ಮಗು, ಕೊಟ್ಟಿಗೆ, ಅತ್ತೆಯ ಔಷಧಿ, ಅಡಿಕೆ ಸುಲಿತ, ಬೇಯಿಸುವುದು ಎಲ್ಲ ಹೊತ್ತು ಸೊರಗುವುದಕ್ಕಿಂತ ಅದು ಎಷ್ಟೋ ವಾಸಿ. ಕರಾರು ಮಾತ್ರ ಕಾಗದದ ಮೇಲೆ ಆಗಲಿ.

ಗಡಿ ತಕರಾರು, ಒತ್ತುವರಿ ಇಂಥ ಹೊತ್ತಿನಲ್ಲೇ ತಲೆ ಎತ್ತುವುದುಂಟು. ಇದಕ್ಕೆ 1925ರ ಭಾರತೀಯ ಸೈನಿಕರ ದಾವೆಗಳ ಕಾಯ್ದೆ ಇದೆ. ಯುದ್ಧದ ಅಥವಾ ವಿಶೇಷ ಪರಿಸ್ಥಿತಿಯಲ್ಲಿ ಕೆಲಸ ಮಾಡುತ್ತಿರುವ ಸೈನಿಕನ ಪರವಾಗಿ ಯಾರೂ ಹಾಜರಾಗದಿದ್ದರೆ, ಸಿವಿಲ್ ಅಥವಾ ರೆವಿನ್ಯೂ ಕೋರ್ಟು ಆ ದಾವೆಯನ್ನು ತಡೆಹಿಡಿಯಬೇಕು. ಇದಕ್ಕೆ ಕೆಲವು ವಿನಾಯಿತಿಗಳಿವೆ, ಹಾಗಾಗಿ ವಕೀಲರಿಗೆ ತೋರಿಸಿ. ಸೈನ್ಯದಲ್ಲಿರುವ ನಿಮ್ಮವರು ತಮ್ಮ ಕಮಾಂಡಿಂಗ್ ಆಫೀಸರ್ ಮೂಲಕ ಜಿಲ್ಲಾಧಿಕಾರಿಗೆ ಪತ್ರ ಬರೆಸಬಹುದು. ರಾಷ್ಟ್ರೀಯ ಕಾನೂನು ಸೇವೆಗಳ ಪ್ರಾಧಿಕಾರ 2025ರ ಜುಲೈ 26ರಂದು ವೀರ ಪರಿವಾರ ಸಹಾಯತಾ ಯೋಜನೆ ಶುರುಮಾಡಿದೆ. ಸೈನಿಕರ ಮನೆಯವರಿಗೆ ಉಚಿತ ಕಾನೂನು ನೆರವು ಕೊಡುವುದೇ ಅದರ ಉದ್ದೇಶ. ನೋಟಿಸ್ ಬಂದರೆ ಮಡಚಿ ದೇವರ ಮುಂದೆ ಇಟ್ಟು ಕೂರಬೇಡಿ. ಅದೇ ವಾರ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರಕ್ಕೆ ಹೋಗಿ.

5. ಫೋನು

ಆಗುಂಬೆ, ನಗರ, ತುಮರಿ ಕಡೆಯವರಿಗೆ ಗೊತ್ತು, ಕರೆಂಟ್ ಹೋಗಿ ಕೆಲವು ಗಂಟೆಗೆ ಟವರಿನ ಬ್ಯಾಟರಿಯೂ ಕೈಕೊಡುತ್ತದೆ. ಮನೆಗೆ ಫೈಬರ್ ಇದ್ದರೆ ರೂಟರಿಗೆ ಅಂತಲೇ ಸಿಗುವ ಸಣ್ಣ ಯುಪಿಎಸ್ ತನ್ನಿ, ಫೋನಿನಲ್ಲಿ ವೈಫೈ ಕಾಲಿಂಗ್ ಆನ್ ಮಾಡಿ. ಎರಡು ಬೇರೆ ಕಂಪನಿಯ ಸಿಮ್ ಇರಲಿ. ಕರೆಂಟಿನ ದೂರಿಗೆ ಮೆಸ್ಕಾಂ ನಂಬರ್ 1912.

ದಿನಾ ಇಂಥ ಹೊತ್ತಿಗೇ ಫೋನ್ ಮಾಡಿ ಅಂತ ಕಟ್ಟುಮಾಡಬೇಡಿ. ಮುಂಚೂಣಿಯಲ್ಲಿ ಎಷ್ಟೋ ಸಲ ಫೋನನ್ನೇ ಜಮಾ ಮಾಡಿಸಿಕೊಳ್ಳುತ್ತಾರೆ. ಎಂಟು ಗಂಟೆ ಎಂದು ಗೊತ್ತುಮಾಡಿದರೆ ಎಂಟೂಕಾಲಿಗೆ ಮನೆ ತುಂಬ ದಿಗಿಲು. ಫೋನ್ ಬರಲಿಲ್ಲ ಎಂದರೆ ಡ್ಯೂಟಿಯಲ್ಲಿದ್ದಾರೆ ಎಂದೇ ಅರ್ಥ, ಇದನ್ನು ಅಮ್ಮನಿಗೂ ಮಕ್ಕಳಿಗೂ ಮೊದಲ ದಿನವೇ ಹೇಳಿ.

ಬದಲಿಗೆ ವಾಯ್ಸ್ ಮೆಸೇಜ್ ಕಳಿಸುತ್ತಿರಿ. ಅವರಿಗೆ ನೆಟ್‌ವರ್ಕ್ ಸಿಕ್ಕಾಗ ಎಲ್ಲ ಒಟ್ಟಿಗೆ ಇಳಿಯುತ್ತವೆ. ಜಗುಲಿಯಲ್ಲಿ ಕೂತು ರೆಕಾರ್ಡ್ ಮಾಡಿದರೆ ಹಂಚಿನ ಮೇಲೆ ಬೀಳುವ ಮಳೆಯೂ ಕೇಳುತ್ತದೆ, ಹಿಂದಿನಿಂದ ಕರು ಅಂಬಾ ಅನ್ನುವುದೂ ಕೇಳುತ್ತದೆ. ಮಗಳು ಮಗ್ಗಿ ಹೇಳಿದ್ದು, ಹೊಳೆ ಎಷ್ಟು ಏರಿತು, ಮಾವ ಯಾರ ಮೇಲೆ ರೇಗಿದರು. ಇಂಥದ್ದೇ ಸಾಕು. ಬಂಕರಿನಲ್ಲಿ ಕೂತವರಿಗೆ ಬೇಕಾದದ್ದು ಈ ಸುದ್ದಿಯೇ.

ಕಷ್ಟದ ಸುದ್ದಿ ಹೇಳಬೇಕಾ? ಹೇಳಬೇಕು. ಮುಚ್ಚಿಟ್ಟರೆ ಊರಿನ ಇನ್ನೊಬ್ಬರ ಮೆಸೇಜಿನಲ್ಲಿ ಅರ್ಧಂಬರ್ಧ ತಲುಪುತ್ತದೆ. ಆದರೆ ಕಷ್ಟ ಹೇಳುವಾಗಲೇ ಅದನ್ನು ಯಾರು ನೋಡಿಕೊಳ್ಳುತ್ತಿದ್ದಾರೆ ಎಂದೂ ಹೇಳಿ. "ಅಪ್ಪನಿಗೆ ಎದೆನೋವು ಬಂತು" ಅಂತ ನಿಲ್ಲಿಸಬೇಡಿ. "ಎದೆನೋವು ಬಂತು, ಮೆಗ್ಗಾನ್ ಆಸ್ಪತ್ರೆಗೆ ಕರ್ಕೊಂಡು ಹೋದ್ವಿ, ಭಾವ ಜೊತೆಗಿದ್ದಾರೆ, ಈಗ ಗಂಜಿ ಕುಡಿದ್ರು" ಅನ್ನಿ. ಅತ್ತೆ ಸೊಸೆ ಮನಸ್ತಾಪ ಮಾತ್ರ ಫೋನಿಗೆ ಬೇಡವೇ ಬೇಡ, ಎರಡೂ ಕಡೆಯಿಂದ. ಅಷ್ಟು ದೂರದಲ್ಲಿರುವವರು ಅದನ್ನು ಬಗೆಹರಿಸುವುದು ಹೇಗೆ? ರಾತ್ರಿ ಪಹರೆಯಲ್ಲಿ ಅದನ್ನೇ ಯೋಚಿಸುತ್ತಾ ನಿಲ್ಲುತ್ತಾರೆ ಅಷ್ಟೇ.

ಇನ್ನೊಂದು, ಯಾರೂ ಬರೆಯದ ವಿಷಯ. ಫೋನ್ ಬಂದರೆ ಸ್ಪೀಕರ್ ಹಾಕಿ ಮನೆಮಂದಿ ಎಲ್ಲ ಸುತ್ತ ಕೂರುತ್ತಾರೆ. ಚೆಂದವೇ. ಆದರೆ ಹೆಂಡತಿಗೂ ಒಬ್ಬಳೇ ಮಾತಾಡಲು ಐದು ನಿಮಿಷ ಬೇಕು. ಮೊದಲು ಅಮ್ಮ ಮಾತಾಡಲಿ, ಆಮೇಲೆ ಮಕ್ಕಳು, ಕೊನೆಗೆ ಫೋನು ಅವಳ ಕೈಗೆ ಕೊಟ್ಟು ಎಲ್ಲರೂ ಒಳಗೆ ಹೋಗಲಿ. ಅತ್ತೆಯಂದಿರೇ, ಇದು ನಿಮಗೆ ನನ್ನ ವಿನಂತಿ.

6. ಟಿವಿ, ವಾಟ್ಸ್‌ಆ್ಯಪ್, ಗುರುತಿಲ್ಲದ ಕರೆ

2025ರ ಮೇನಲ್ಲಿ ಹಲವು ಚಾನೆಲ್‌ಗಳು ಕರಾಚಿ ಬಂದರಿನ ಮೇಲೆ ದಾಳಿ ಆಯಿತು ಎಂದು ರಾತ್ರಿಯಿಡೀ ತೋರಿಸಿದವು. ಅಂಥದ್ದು ಆಗಿರಲೇ ಇಲ್ಲ. ಸೈನಿಕರ ಮನೆಯಲ್ಲಿ ಇಂಥ ಸುದ್ದಿ ಜೀವ ಹಿಂಡುತ್ತದೆ. ದಿನಕ್ಕೆ ಒಂದು ಸಲ, ಒಂದೇ ಬುಲೆಟಿನ್ ನೋಡಿ ಟಿವಿ ಆರಿಸಿ. ಮಾವನವರು ಒಪ್ಪುವುದಿಲ್ಲ ಎಂದರೆ ರೇಡಿಯೊ ಕೊಡಿ. ಆಕಾಶವಾಣಿ ವಾರ್ತೆಯಲ್ಲಿ ಸೈರನ್ ಸದ್ದು ಇರುವುದಿಲ್ಲ.

ಅವರು ಎಲ್ಲಿದ್ದಾರೆ, ಯಾವ ರೈಲಿನಲ್ಲಿ ಹೋದರು, ಯೂನಿಟ್ ಯಾವುದು ಎಂಬುದನ್ನು ಯಾರಿಗೂ ಹೇಳಬೇಡಿ. ಸ್ಟೇಟಸ್‌ಗೆ ಯೂನಿಫಾರಂ ಫೋಟೋ, ಸ್ಟೇಷನ್ನಿನಲ್ಲಿ ಬೀಳ್ಕೊಟ್ಟ ವಿಡಿಯೊ ಹಾಕಬೇಡಿ. ಸೈನ್ಯದ ಚಲನವಲನ ನೇರವಾಗಿ ತೋರಿಸಬೇಡಿ ಎಂದು ಕೇಂದ್ರ ಸರ್ಕಾರ 2025ರ ಏಪ್ರಿಲ್ 26ರಂದು ಹೇಳಿದ್ದು ಚಾನೆಲ್‌ಗಳ ಜೊತೆ ಸಾಮಾಜಿಕ ಜಾಲತಾಣ ಬಳಸುವವರಿಗೂ ಸೇರಿಸಿ. ಮದುವೆ ಮನೆಯಲ್ಲಿ ಕೇಳಿದರೆ "ಉತ್ತರದ ಕಡೆ ಇದ್ದಾರೆ" ಅಂದರೆ ಮುಗಿಯಿತು.

ಹೆಡ್‌ಕ್ವಾರ್ಟರ್‌ನಿಂದ ಮಾತಾಡುತ್ತಿದ್ದೇನೆ, ನಿಮ್ಮವರ ನಂಬರ್ ಸಿಗುತ್ತಿಲ್ಲ, ಈಗ ಎಲ್ಲಿದ್ದಾರೆ ಹೇಳಿ ಎಂದು ಹಿಂದಿಯಲ್ಲಿ ಬಹಳ ಮರ್ಯಾದೆಯಿಂದ ಕೇಳುವ ಕರೆಗಳು ಬರುತ್ತವೆ. ಸೈನ್ಯ ತನ್ನ ಸೈನಿಕ ಎಲ್ಲಿದ್ದಾನೆ ಎಂದು ಹೆಂಡತಿಯನ್ನು ಕೇಳುವುದಿಲ್ಲ, ಅಲ್ವಾ? ಇಟ್ಟುಬಿಡಿ, ರಿಯರ್ ಪಾರ್ಟಿಗೆ ತಿಳಿಸಿ. ಗಾಯಾಳುವಿನ ಚಿಕಿತ್ಸೆಗೆ ಕೂಡಲೇ ದುಡ್ಡು ಹಾಕಿ ಅನ್ನುವ ಕರೆ ಪಕ್ಕಾ ಮೋಸ. ದುಡ್ಡು ಹೋಗಿದ್ದರೆ ತಡಮಾಡದೆ 1930ಕ್ಕೆ ಫೋನ್ ಮಾಡಿ.

7. ಮಕ್ಕಳಿಗೆ ಹೇಳುವುದು

ಅಪ್ಪ ಸುಮ್ನೆ ಕೆಲಸಕ್ಕೆ ಹೋಗಿದ್ದಾರೆ ಎಂಬ ಸುಳ್ಳು ಒಂದನೇ ಕ್ಲಾಸಿನ ಮಗುವಿನ ಹತ್ತಿರವೂ ನಿಲ್ಲುವುದಿಲ್ಲ. ಶಾಲೆಯಲ್ಲಿ ಬೇರೆ ಮಕ್ಕಳು ಹೇಳುತ್ತಾರೆ. "ಗಡಿ ಕಾಯೋಕೆ ಹೋಗಿದ್ದಾರೆ, ಜೊತೆಗೆ ತುಂಬ ಜನ ಇದ್ದಾರೆ, ಒಬ್ಬರನ್ನೊಬ್ಬರು ನೋಡಿಕೊಳ್ಳುತ್ತಾರೆ" ಎನ್ನಿ. ಅಪ್ಪನಿಗೆ ಏನೂ ಆಗಲ್ಲ ಅಲ್ವಾ ಎಂದು ಕೇಳಿದರೆ ಆಣೆ ಮಾಡಬೇಡಿ. ಹುಷಾರಾಗಿರೋದು ಹೇಗೆ ಅಂತ ಅಪ್ಪನಿಗೆ ಚೆನ್ನಾಗಿ ಕಲಿಸಿದ್ದಾರೆ ಎಂದು ಹೇಳಿ, ಅದು ನಿಜ. ಕೊಯ್ಲಿನ ಹೊತ್ತಿಗೆ ಬರ್ತಾರೆ, ದೀಪಾವಳಿಗೆ ಬರ್ತಾರೆ ಎಂದು ತಾರೀಖು ಕೊಡಬೇಡಿ. ಹತ್ತು ವರ್ಷದ ಹುಡುಗನಿಗೆ "ಇನ್ನು ಮನೆಗೆ ನೀನೇ ಗಂಡಸು" ಎನ್ನುವ ನೆಂಟರನ್ನು ಅಲ್ಲೇ ತಡೆಯಿರಿ. ಆ ಭಾರ ಮಕ್ಕಳು ಹೊರುವಂಥದ್ದಲ್ಲ. ಕ್ಲಾಸ್ ಟೀಚರಿಗೆ ಒಂದು ಮಾತು ತಿಳಿಸಿಡಿ.

ಹಬ್ಬ ಬಿಡಬೇಡಿ. ಭೂಮಿ ಹುಣ್ಣಿಮೆಗೆ ಬೂಮಣ್ಣಿ ಬುಟ್ಟಿಗೆ ಬಣ್ಣ ಹಚ್ಚಿ, ರಾತ್ರಿಯೆಲ್ಲ ಅಡುಗೆ ಮಾಡಿ, ಬೆಳಕು ಹರಿಯುವ ಮುಂಚೆ ಗದ್ದೆಗೆ ಚರಗ ಬೀರಲು ಚಿಕ್ಕಪ್ಪನೋ ಪಕ್ಕದ ಮನೆಯವರೋ ಬರಲಿ. ಮಕ್ಕಳು ಹಿಂದೆ ದೀಟಿಗೆ (ಪಂಜು) ಹಿಡಿದು ಹೋಗಲಿ.

ನಿಮಗೇ ನಿದ್ದೆ ಬರದಿದ್ದರೆ, ಎದೆ ಹೊಡೆದುಕೊಳ್ಳುತ್ತಿದ್ದರೆ 14416ಕ್ಕೆ ಫೋನ್ ಮಾಡಿ. ಅದು ಟೆಲಿ ಮಾನಸ್. ದಿನದ 24 ಗಂಟೆಯೂ ಉಚಿತ, ಕನ್ನಡದಲ್ಲೇ ಮಾತಾಡುತ್ತಾರೆ.

8. ಪಾರ್ಸೆಲ್

ವಿಳಾಸದಲ್ಲಿ ಸರ್ವೀಸ್ ನಂಬರ್, ರ‍್ಯಾಂಕ್, ಹೆಸರು, ಯೂನಿಟ್, ಆಮೇಲೆ ಕೇರ್ ಆಫ್ 56 ಎಪಿಒ ಅಥವಾ 99 ಎಪಿಒ (ಎಪಿಒ ಎಂದರೆ ಸೈನ್ಯದ ಅಂಚೆ ಕಚೇರಿ), 9ರಿಂದ ಶುರುವಾಗುವ ಪಿನ್. ಊರಿನ ಹೆಸರು ಬರೆಯಲೇಬಾರದು. ಖಾಸಗಿ ಕೊರಿಯರ್ ಈ ವಿಳಾಸಕ್ಕೆ ಹೋಗುವುದಿಲ್ಲ, ಅಂಚೆ ಕಚೇರಿಯೇ ಗತಿ. ಅಪ್ಪೆಮಿಡಿ ಉಪ್ಪಿನಕಾಯಿ ಕಳಿಸುವ ಆಸೆ ಎಲ್ಲರಿಗೂ. ರಸ ಸೋರಿದರೆ ಪಾರ್ಸೆಲ್ ಪೂರ್ತಿ ಹಾಳು. ಅದನ್ನು ಅವರು ರಜೆ ಮುಗಿಸಿ ಹೋಗುವಾಗ ಕೊಡಿ. ಅಂಚೆಯಲ್ಲಿ ಕಷಾಯದ ಪುಡಿ, ಚಟ್ನಿಪುಡಿ, ಕೋಡುಬಳೆ ಕಳಿಸಿ. ಚಳಿಯಲ್ಲಿ ಮೆಣಸು ಜಾಸ್ತಿ ಹಾಕಿದ ಕಷಾಯದ ಪುಡಿಗೆ ಇಡೀ ಸೆಕ್ಷನ್ನಿನವರು ಕಾಯುತ್ತಾರೆ. ಒಬ್ಬರಿಗಾಗುವಷ್ಟು ಮಾತ್ರ ಕಳಿಸಬೇಡಿ.

9. ಬೇಡದ ಸುದ್ದಿ ಬಂದರೆ

ಬರೆಯಲು ಕೈ ಬರುವುದಿಲ್ಲ, ಆದರೂ ಇದು ಗೊತ್ತಿರಬೇಕು. ಯೂನಿಟ್‌ನಿಂದಲೋ ರೆಕಾರ್ಡ್ ಆಫೀಸಿನಿಂದಲೋ ಬರುವವರೆಗೆ ಯಾವುದನ್ನೂ ನಂಬಬೇಡಿ, ಟಿವಿಯಲ್ಲಿ ಹೆಸರು ಬಂದರೂ ಸರಿ. ಗಾಯವಾಗಿದೆ ಎಂದರೆ ಯಾವ ಆಸ್ಪತ್ರೆ, ಜೊತೆಗೆ ಯಾರಿದ್ದಾರೆ, ಅವರ ನಂಬರ್ ಏನು ಎಂದು ಬರೆದುಕೊಳ್ಳಿ. ಯಾರು ಹೊರಡುವುದು, ಮಕ್ಕಳು ಎಲ್ಲಿರುವುದು, ಹಸು ಕರೆಯುವವರು ಯಾರು ಎಂಬುದು ಮೊದಲೇ ಗೊತ್ತಾಗಿರಲಿ. ಹೆಂಡತಿ ಒಬ್ಬಳೇ ಪ್ರಯಾಣ ಮಾಡಬಾರದು.

ಅದಕ್ಕಿಂತ ದೊಡ್ಡ ಸುದ್ದಿಯಾದರೆ ಮನೆ ಮುಂದೆ ಕ್ಯಾಮೆರಾ, ಮೈಕು, ರಾಜಕೀಯದವರು ಎಲ್ಲ ಸೇರುತ್ತಾರೆ. ಮನೆಯವರ ಪರವಾಗಿ ಮಾತಾಡುವವರು ಒಬ್ಬರೇ ಇರಲಿ. ಹೆಂಡತಿಯ ಮುಖಕ್ಕೆ ಕ್ಯಾಮೆರಾ ಹಿಡಿಯದಂತೆ ಊರವರು ಬಾಗಿಲಲ್ಲಿ ನಿಲ್ಲಲಿ. ಹದಿಮೂರು ದಿನ ಮುಗಿಯುವವರೆಗೆ ಅವಳಿಂದ ಯಾವ ಖಾಲಿ ಕಾಗದಕ್ಕೂ, ಓದದ ಕಾಗದಕ್ಕೂ ಸಹಿ ಹಾಕಿಸಬೇಡಿ. ನೆಂಟರು ತಂದದ್ದಾದರೂ ಅಷ್ಟೇ. ಸೈನ್ಯದ ಕಾಗದಗಳಿಗೆ ಯೂನಿಟ್‌ನಿಂದ ಜನ ಬರುತ್ತಾರೆ, ಸೈನಿಕ ಕಲ್ಯಾಣ ಕಚೇರಿಯವರು ಜೊತೆಗಿರುತ್ತಾರೆ.

10. ಅವರು ರಜೆಗೆ ಬಂದಾಗ

ಮೊದಲ ಎರಡು ದಿನ ನೆಂಟರ ಊಟ, ಸನ್ಮಾನ ಏನೂ ಬೇಡ. ಮಲಗಲಿ. ಮಂಗ ಓಡಿಸಲು, ಕಾಡುಹಂದಿ ಹೆದರಿಸಲು ಪಟಾಕಿ ಹೊಡೆಯುವ ಪಕ್ಕದ ತೋಟದವರಿಗೆ ಕೆಲವು ದಿನ ತಡೆಯಿರಿ ಎಂದು ಹೇಳಿ. "ಎಷ್ಟು ಜನರನ್ನು ಹೊಡೆದ್ರಿ" ಎಂದು ಕೇಳುವವರು ಪ್ರತಿ ಊರಲ್ಲೂ ಇರುತ್ತಾರೆ, ಮಾತು ಬದಲಿಸಿ. ಅವರಿಲ್ಲದಾಗ ನೀವು ತೆಗೆದುಕೊಂಡ ತೀರ್ಮಾನಗಳ ಲೆಕ್ಕ ಬಂದ ರಾತ್ರಿಯೇ ಒಪ್ಪಿಸಬೇಡಿ. ಅವರೂ ಬಂದ ಕೂಡಲೇ ಎಲ್ಲ ತಮ್ಮ ಕೈಗೆ ತೆಗೆದುಕೊಳ್ಳುವುದು ಬೇಡ. ತೋಟದ ಲೆಕ್ಕ ನೀವೇ ನಡೆಸಿದ್ದೀರಿ, ರಜೆ ಮುಗಿದ ಮೇಲೂ ನೀವೇ ನಡೆಸಬೇಕು. ಸಣ್ಣ ಮಗು ಅಪ್ಪನ ಹತ್ತಿರ ಹೋಗದೆ ಅತ್ತರೆ ಒತ್ತಾಯ ಮಾಡಬೇಡಿ, ನಾಲ್ಕು ದಿನ ಸ್ನಾನ ಮಾಡಿಸುವ, ಹೊಳೆಗೆ ಕರೆದುಕೊಂಡು ಹೋಗುವ ಕೆಲಸ ಅಪ್ಪನಿಗೇ ಕೊಡಿ.

ರಾತ್ರಿ ಬೆಚ್ಚಿ ಏಳುವುದು, ಸುಮ್ಮನೆ ಸಿಡುಕುವುದು, ಒಬ್ಬರೇ ತೋಟದಲ್ಲಿ ಕೂತುಬಿಡುವುದು ವಾರಗಟ್ಟಲೆ ಕಂಡರೆ ಕುಡಿತದಿಂದ ಅಂತಲೋ ದೃಷ್ಟಿ ಅಂತಲೋ ತಳ್ಳಿಹಾಕಬೇಡಿ. ಟೆಲಿ ಮಾನಸ್‌ನಲ್ಲಿ ಸೈನಿಕರು ಮತ್ತು ಅವರ ಮನೆಯವರಿಗಾಗಿಯೇ ಪುಣೆಯಲ್ಲಿ 2023ರ ಡಿಸೆಂಬರ್ 1ರಿಂದ ಒಂದು ವಿಭಾಗ ನಡೆಯುತ್ತಿದೆ. ಅದಕ್ಕೆ ಫೋನ್ ಮಾಡಲಿ. ರಜೆ ಮುಗಿಸಿ ಹೋದ ಮೇಲೆ ಯೂನಿಟ್ ಡಾಕ್ಟರಿಗೂ ತೋರಿಸಲಿ. ಫೋನ್ ಮಾಡುವಾಗ ನೀವು ಪಕ್ಕದಲ್ಲಿ ಕೂತಿರಿ.